ನವಸಾಗರದ ಬಾಟಲಿ

ಕೊಪ್ಪದ ಕಡೆಯ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಆರ್ಡರ್ ಬಂದಾಗ ನನಗೆ ಇಪ್ಪತ್ಮೂರು ವರ್ಷ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಶೃಂಗೇರಿಯ ಮನೆಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಜೊತೆಗೆ ಬಿ.ಎಸ್ಸಿ., ಬಿ.ಎಡ್. ಎಂಬ ಎರಡು ಕೊಂಬು ಹೊತ್ತುಕೊಂಡು ಬಸ್ಸಿಳಿದೆ. ಟ್ರಂಕು ಹೊರಲು ಜನ ಸಿಕ್ಕಿದರು. ಕೊಂಬುಗಳನ್ನು ನಾನೇ ಹೊತ್ತೆ.

ಆ ಶಾಲೆಯ ಲ್ಯಾಬಿನ ವಾಸನೆಯನ್ನು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಸ್ಪಿರಿಟ್ಟು, ಗಂಧಕ, ಕರಗಿದ ಮೇಣ, ಇದೆಲ್ಲದರ ಮೇಲೆ ಏಲಕ್ಕಿ ಹಾಕಿದ ಚಾ. ಚಾ ಮಾಡುತ್ತಿದ್ದವರು ಲ್ಯಾಬ್ ಅಟೆಂಡರ್. ಮೂತಿ ಮುರಿದ ಒಂದು ಗಾಜಿನ ಬೀಕರನ್ನು ಅದಕ್ಕೆಂದೇ ಬೇರೆ ಇಟ್ಟಿದ್ದರು. ಸ್ಪಿರಿಟ್ ದೀಪದ ಮೇಲೆ ಅದು ಕುದಿಯುವಾಗ ಹತ್ತನೇ ಕ್ಲಾಸಿನ ಹುಡುಗ ಹುಡುಗಿಯರೆಲ್ಲ ಪಾಠ ಬಿಟ್ಟು ಅತ್ತಲೇ ನೋಡುತ್ತಿದ್ದರು. ಬಂದ ವಾರವೇ ನಾನು ಅದನ್ನು ನಿಲ್ಲಿಸಿದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನನ್ನದೂ ಅದೇ ಕಥೆ.

ಅಟೆಂಡರಿಗೆ ನಲವತ್ತು ದಾಟಿತ್ತು. ನರಸಿಂಹರಾಜಪುರದವರು. ಅವರ ತಂದೆ ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. ಇವರು ಮೊದಲು ಗಂಟೆ ಹೊಡೆಯುವ, ಗೇಟು ಕಾಯುವ ಜವಾನರಾಗಿ ಸೇರಿ, ನನಗಿಂತ ಹಿಂದಿದ್ದ ಮೇಷ್ಟ್ರ ದಯದಿಂದ ಲ್ಯಾಬಿಗೆ ಬಂದಿದ್ದರು. ಬಂದು ಒಂಬತ್ತು ವರ್ಷವಾಗಿತ್ತು. ಅದೇ ಅವರ ದೊಡ್ಡಸ್ತಿಕೆ. ಊರಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಕೇಳಿದರೆ 'ಸ್ಕೂಲಲ್ಲಿ ಕೆಲಸ' ಎನ್ನುತ್ತಿರಲಿಲ್ಲ, 'ಲ್ಯಾಬಲ್ಲಿ ಇದೀನಿ' ಎನ್ನುತ್ತಿದ್ದರು.

ನಮ್ಮ ಜಗಳ ಶುರುವಾದದ್ದು ದಾರದಿಂದ. ಬೀರುವಿನಲ್ಲಿದ್ದ ಪ್ರತಿ ಬಾಟಲಿಯ ಕುತ್ತಿಗೆಗೂ ಅವರು ಹೊಲಿಗೆ ದಾರ ಸುತ್ತಿದ್ದರು. ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ಕಪ್ಪಿನಲ್ಲಿ ಮೂರು ಗಂಟು. ದಾರವೋ ಕೊಳೆ ಹಿಡಿದು ಜಿಡ್ಡಾಗಿತ್ತು. ಬಾಟಲಿಗಳ ಮೇಲೆ ಚೀಟಿಯ ಗುರುತೇ ಇರಲಿಲ್ಲ.

"ಇದೇನಿದು, ಬಾಟ್ಲಿಗೂ ದೃಷ್ಟಿ ತಾಗತ್ತಾ?" ಎಂದೆ.

"ಗುರ್ತಿಗೆ ಟೀಚರ್. ಮಳೆಗಾಲದಲ್ಲಿ ಇಲ್ಲಿ ಚೀಟಿ ನಿಲ್ಲಲ್ಲ."

"ಅಂಟು ಸರಿಯಾಗಿ ಹಚ್ಚಿದ್ರೆ ನಿಲ್ಲತ್ತೆ."

"ನೀವು ಹೊಸಬ್ರು. ಆಗಸ್ಟಲ್ಲಿ ನೋಡಿ" ಎಂದು ನಕ್ಕರು.

ಆ ನಗು ನನ್ನ ಮೈಗೆ ಬೆಂಕಿ ಹಚ್ಚಿತು. ನನಗೆ ಮೂಗಿನ ತುದಿಯಲ್ಲೇ ಕೋಪವೆಂದು ನಮ್ಮಮ್ಮ ಹೇಳುತ್ತಿದ್ದಳು. ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕೂತು ಬ್ಲೇಡಿನಿಂದ ಎಲ್ಲ ದಾರವನ್ನೂ ಕತ್ತರಿಸಿ ಹಾಕಿದೆ. ಒಂದೊಂದು ಬಣ್ಣದ ಬಾಟಲಿಯಲ್ಲಿ ಏನಿದೆಯೆಂದು ಹಳೆಯ ಸ್ಟಾಕ್ ಪುಸ್ತಕದ ಕೊನೆಯ ಪುಟದಲ್ಲಿ ಹಿಂದಿನ ಮೇಷ್ಟ್ರು ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಅದನ್ನು ನೋಡಿಕೊಂಡೇ ಇಂಗ್ಲಿಷಿನಲ್ಲಿ ಮುತ್ತು ಪೋಣಿಸಿದಂತೆ ಚೀಟಿ ಬರೆದು, ಮೈದಾ ಅಂಟಿನಲ್ಲಿ ಅಂಟಿಸಿದೆ. ಬೀರುವಿನ ಬೀಗದ ಕೈಯನ್ನೂ ನನ್ನ ಚೀಲಕ್ಕೆ ಹಾಕಿಕೊಂಡೆ. ಸೋಮವಾರ ನಾನು ಬೀರು ತೆರೆದಾಗ ಅವರು ಅದರ ಮುಂದೆ ಬಹಳ ಹೊತ್ತು ನಿಂತರು.

"ಒಂದ್ ಮಾತು ಕೇಳ್ಬೋದಿತ್ತು ಟೀಚರ್" ಎಂದರು.

ಅಲ್ಲಿಂದ ಮಾತು ನಿಂತಿತು. ನನಗೇನಾದರೂ ಬೇಕಿದ್ದರೆ ಹುಡುಗಿಯರ ಕೈಲಿ ಹೇಳಿಸುತ್ತಿದ್ದೆ. ಅಟೆಂಡರು ಹೇಳಿದ್ದನ್ನು ಹೇಳಿದಷ್ಟೇ ಮಾಡುವ ವ್ರತ ಹಿಡಿದರು. ಮೂರು ಪ್ರನಾಳ ಬೇಕೆಂದರೆ ಮೂರೇ ಪ್ರನಾಳ ಬರುತ್ತಿದ್ದವು, ಅವನ್ನು ನಿಲ್ಲಿಸಲು ಸ್ಟ್ಯಾಂಡು ಬರುತ್ತಿರಲಿಲ್ಲ. "ಸ್ಟ್ಯಾಂಡು?" ಎಂದರೆ "ಹೇಳ್ಲಿಲ್ವಲ್ಲ ಟೀಚರ್." ದೀಪ ತರುತ್ತಿದ್ದರು, ಬೆಂಕಿಪೊಟ್ಟಣ ಇಲ್ಲ. ಬೆಂಕಿಪೊಟ್ಟಣ ತರಿಸಿದರೆ ದೀಪದಲ್ಲಿ ಸ್ಪಿರಿಟ್ ಇಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡರೆ ಕನ್ನಡ ಮೇಷ್ಟ್ರು ಎಲೆಯಡಿಕೆ ಜಗಿಯುತ್ತಾ, "ನಿಮ್ಮಿಬ್ರದ್ದೂ ಒಂದೇ ತಕ್ಕಡಿ ಮಾರಾಯ್ರೆ. ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ನಗುತ್ತಿದ್ದರು.

ಹೀಗೆ ಒಂದು ತಿಂಗಳಾದ ಮೇಲೆ ತಡೆಯಲಾರದೆ ಅಂದುಬಿಟ್ಟೆ. "ಹೀಗೇ ಮಾಡಿದ್ರೆ ಹೆಡ್ ಮಾಸ್ಟರಿಗೆ ಹೇಳಿ ನಿಮ್ಮನ್ನ ವಾಪಸ್ ಗಂಟೆಗೆ ಹಾಕಿಸ್ತೀನಿ."

ಅವರು ಒರೆಸುತ್ತಿದ್ದ ಬೀಕರನ್ನು ಕೆಳಗಿಟ್ಟರು. "ಅದೊಂದು ಮಾಡ್ಬೇಡಿ. ನಮ್ಮೂರಲ್ಲಿ ತಲೆ ಎತ್ಕೊಂಡು ತಿರುಗ್ತಿದೀನಿ" ಎಂದರು. ಮರುದಿನದಿಂದ ಸ್ಟ್ಯಾಂಡು, ದೀಪ, ಬೆಂಕಿಪೊಟ್ಟಣ ಎಲ್ಲವೂ ಹೇಳದೆ ಬಂದವು. ಗೆದ್ದೆನೆಂದು ಬೀಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆದರೆ ಸುಳ್ಳು ಹೇಳಬಾರದು, ಒಂದು ಒಳ್ಳೆಯ ದಿನವೂ ಇತ್ತು. ಕೊಳೆತ ಮೊಟ್ಟೆಯ ವಾಸನೆಯ ಅನಿಲ ತಯಾರಿಸುವ ಪಾಠ. ಗಾಳಿ ಸ್ಟಾಫ್ ರೂಮಿನ ಕಡೆ ತಿರುಗಿತು. ಒಳಗಿದ್ದ ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾ, ಒಬ್ಬೊಬ್ಬರಾಗಿ ಹೊರಗೆ ಬಂದು ಮಳೆಯಲ್ಲಿ ನಿಂತರು. ಲ್ಯಾಬಿನ ಕಿಟಕಿಯಿಂದ ಅದನ್ನು ನೋಡಿದ ಅಟೆಂಡರು ಬೆಂಚು ಹಿಡಿದುಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅಂದು ಸಂಜೆ ಅವರು ಮೂತಿ ಮುರಿದ ಬೀಕರಿನಲ್ಲಿ ಚಾ ಕಾಸಿ ತಂದಿಟ್ಟರು, ನಾನು ಕುಡಿದೆ. ಅಂಥ ಚಾ ಆಮೇಲೆ ಎಲ್ಲೂ ಕುಡಿಯಲಿಲ್ಲ. ಮರುದಿನ ಮತ್ತೆ ಇಬ್ಬರೂ ಮುಖ ಗಂಟು ಹಾಕಿಕೊಂಡೆವು.

ಆಗಸ್ಟ್ ಬಂತು. ಸ್ವಲ್ಪ ದಿನ ಬೆಳಕಿನ ಪಾಠ ನಡೆಯುತ್ತಿದ್ದುದರಿಂದ ನಾನು ಬಾಟಲಿಗಳ ಬೀರು ತೆರೆದಿರಲಿಲ್ಲ. ಮುಂದಿನ ವಾರ ಇನ್ಸ್‌ಪೆಕ್ಷನ್ ಎಂದು ತಿಳಿದು ತೆರೆದರೆ, ನನ್ನ ಮುತ್ತಿನಂಥ ಚೀಟಿಗಳೆಲ್ಲ ಬೂಷ್ಟು ಹಿಡಿದು ಬೀರುವಿನ ತಳದಲ್ಲಿ ರಾಶಿ ಬಿದ್ದಿವೆ! ಮೈದಾ ಅಂಟಿನ ರುಚಿಗೆ ಜಿರಲೆಗಳು ಬಂದು ಅರ್ಧರ್ಧ ತಿಂದು ಹೋಗಿವೆ. ಮೈಲುತುತ್ತದಂಥ ಬಣ್ಣದ ಪುಡಿಗಳು ನೋಡಿದೊಡನೆ ಗೊತ್ತಾಗುತ್ತವೆ. ಆದರೆ ಬಿಳಿಯ ಪುಡಿಗಳದ್ದೇ ಹನ್ನೊಂದು ಬಾಟಲಿ. ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕೂತಿದ್ದವು.

ಅಟೆಂಡರು ಅಲ್ಲೇ ಪಕ್ಕದ ಬೆಂಚಿನಲ್ಲಿ ಗಾಜು ಒರೆಸುತ್ತಿದ್ದರು. ಕೇಳಿದ್ದರೆ ನನ್ನ ಬಾಯಿಂದ ಮುತ್ತೇನೂ ಉದುರಿಹೋಗುತ್ತಿರಲಿಲ್ಲ. ಒಂದೊಂದನ್ನೇ ನಾನೇ ಪರೀಕ್ಷೆ ಮಾಡಿ ನೋಡಬಹುದಿತ್ತು, ಕಾಲೇಜಿನಲ್ಲಿ ಕಲಿಸಿದ್ದೇ ಅದನ್ನು. ಆದರೆ ಅವರ ಕಣ್ಣೆದುರು ಪರೀಕ್ಷೆಗೆ ಕೂತರೆ ಚೀಟಿ ನಿಲ್ಲಲಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತು. ಅವರಿಗೆ ಬೆನ್ನು ಮಾಡಿ ನಿಂತು, ಬಾಟಲಿಗಳನ್ನು ಇಟ್ಟಿದ್ದ ಸಾಲು ನೆನಪು ಮಾಡಿಕೊಂಡು, ಅಂದಾಜಿನ ಮೇಲೆ ಹೊಸ ಚೀಟಿ ಅಂಟಿಸಿದೆ.

ಇನ್ಸ್‌ಪೆಕ್ಷನ್ ದಿನ ಅಮೋನಿಯಾ ತಯಾರಿಸಿ ತೋರಿಸುವುದೆಂದು ಗೊತ್ತುಮಾಡಿದ್ದೆ. ನವಸಾಗರಕ್ಕೆ ಅರಳಿದ ಸುಣ್ಣ ಬೆರೆಸಿ ಕಾಯಿಸಿದರೆ ಮೂಗಿಗೆ ಹೊಡೆಯುವ ಅನಿಲ ಬರುತ್ತದೆ, ಅದು ಕೆಂಪು ಲಿಟ್ಮಸ್ ಕಾಗದವನ್ನು ನೀಲಿ ಮಾಡುತ್ತದೆ. ಇಷ್ಟು ಸುಲಭದ ಪ್ರಯೋಗ ಇನ್ನೊಂದಿಲ್ಲ. ಇನ್ಸ್‌ಪೆಕ್ಟರು ಹಿಂದಿನ ಬೆಂಚಿನಲ್ಲಿ, ಹೆಡ್ ಮಾಸ್ಟರು ಅವರ ಪಕ್ಕದಲ್ಲಿ. ನವಸಾಗರ ಎಂದು ನಾನು ಬರೆದಿದ್ದ ಬಾಟಲಿಯಿಂದ ಪುಡಿ ತೆಗೆಯುವಾಗ ಅಟೆಂಡರು ಹತ್ತಿರ ಬಂದು ಪಿಸುಗುಟ್ಟಿದರು.

"ಅದಲ್ಲ ಟೀಚರ್."

"ನಿಮ್ಮ ಕೆಲಸ ನೋಡ್ಕೊಳಿ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವರು ಗೋಡೆಗೆ ಸರಿದು ನಿಂತರು. ಪ್ರನಾಳ ಕಾಯಿತು, ಇನ್ನೂ ಕಾಯಿತು, ವಾಸನೆ ಮಾತ್ರ ಬರಲಿಲ್ಲ. ಲಿಟ್ಮಸ್ ಕಾಗದ ಮದುವೆಗೆ ಒಪ್ಪದ ಹೆಣ್ಣಿನಂತೆ ಕೆಂಪಗೇ ಇತ್ತು. ಇನ್ಸ್‌ಪೆಕ್ಟರು ಎದ್ದು ಬಂದು ಬಾಟಲಿ ಎತ್ತಿ, ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇದು ಪೆಟ್ಲುಪ್ಪು, ಪಟಾಕಿ ಮದ್ದಿಗೆ ಹಾಕೋದು. ಇದಕ್ಕೆ ಈ ಚೀಟಿ ಅಂಟಿಸಿದ್ದು ಯಾರು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹೆಡ್ ಮಾಸ್ಟರು, "ಬಾಟ್ಲಿ, ಚೀಟಿ ಎಲ್ಲ ಅಟೆಂಡರ ಜವಾಬ್ದಾರಿ ಸಾರ್" ಎಂದರು. ಮೊದಲೇ ಎಂದು ಬರೆದೆ. ಆಮೇಲಾದರೂ ತೆರೆಯಬಹುದಿತ್ತು. ಎಲ್ಲರೂ ಅಟೆಂಡರನ್ನು ನೋಡಿದರು. ಅಟೆಂಡರು ನನ್ನನ್ನು ನೋಡಿದರು. ನಾನು ಬಟ್ಟೆ ತೆಗೆದುಕೊಂಡು, ಒರೆಸಬೇಕಾದ್ದೇನೂ ಇಲ್ಲದ ಮೇಜನ್ನು ಒರೆಸತೊಡಗಿದೆ.

"ನಾನಲ್ಲ ಸಾರ್" ಎಂದರು ಅವರು ಕೊನೆಗೆ. "ನಂಗೆ ಓದಕ್ಕೇ ಬರಲ್ಲ. ಇಂಗ್ಲಿಷ್ ಬರೆಯೋದು ಎಲ್ಲಿಂದ ಬರ್ಬೇಕು?"

ಯಾರೋ ಹುಡುಗ ಕಿಸಕ್ಕನೆ ನಕ್ಕ. ಇನ್ಸ್‌ಪೆಕ್ಟರು ಚೀಟಿಯ ವಿಷಯ ಅಲ್ಲೇ ಬಿಟ್ಟರು. "ಓದಕ್ಕೆ ಬರಲ್ವ? ಲ್ಯಾಬಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಆ್ಯಸಿಡ್ ಬಾಟ್ಲಿ ಯಾವ್ದು ಅಂತ ಹೇಗೆ ಗೊತ್ತಾಗತ್ತೆ ನಿಮಗೆ?" ಎಂದು ಒಂದರ ಮೇಲೊಂದು ಕೇಳಿ, ಪುಸ್ತಕ ತೆಗೆದು ಬರೆದುಕೊಂಡರು. ಚೀಟಿಯ ಅಕ್ಷರ ಯಾರದೆಂದು ಮತ್ತೆ ಯಾರೂ ಕೇಳಲಿಲ್ಲ. ಆ ದಾರಗಳೇ ಅವರ ಅಕ್ಷರವಾಗಿದ್ದವೆಂದು ನನಗೆ ತಿಳಿದದ್ದು ಆಗ. ಅವರ ಅಕ್ಷರಗಳನ್ನು ನಾನು ಬ್ಲೇಡಿನಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದೆ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆದವರು ಅಟೆಂಡರು.

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಹೆಡ್ ಮಾಸ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಹೇಳಿದ್ದು ಒಳ್ಳೇದಾಯ್ತಮ್ಮ. ಆದ್ರೆ ಓದಕ್ಕೆ ಬರಲ್ಲ ಅಂತ ಅವ್ರೇ ಒಪ್ಕೊಂಡಾಯ್ತಲ್ಲ, ರಿಪೋರ್ಟೂ ಹೋಯ್ತು. ನಾನಿನ್ನೇನು ಮಾಡ್ಲಿ?" ಎಂದರು. ಆ ಒಪ್ಪಿಕೊಳ್ಳುವ ಪ್ರಸಂಗವನ್ನು ತಂದಿಟ್ಟವಳು ನಾನು. ಅದಕ್ಕೆ ಯಾವ ರಿಪೋರ್ಟಿನಲ್ಲೂ ಜಾಗವಿರಲಿಲ್ಲ.

ಅಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೇಟಿನ ಹತ್ತಿರ ಹೋಗಿ ಅಟೆಂಡರನ್ನು ಕರೆದೆ. ಬಿಳಿ ಪುಡಿಗಳನ್ನು ಗುರುತಿಸಿಕೊಡಬೇಕೆಂದು ಕೇಳಿದೆ. ಬರುತ್ತಾರೆಂದು ನಂಬಿರಲಿಲ್ಲ, ಬಂದರು. ಹನ್ನೊಂದು ಬಾಟಲಿಯನ್ನೂ ಸಾಲಾಗಿ ಇಟ್ಟುಕೊಂಡರು. ಒಂದನ್ನು ಬೆರಳಲ್ಲಿ ತಿಕ್ಕಿ, ಒಂದನ್ನು ಅಲ್ಲಾಡಿಸಿ ಸದ್ದು ಕೇಳಿ, ಹೆಸರು ಹೇಳುತ್ತಾ ಹೋದರು. ಕೊನೆಗೆ ಎರಡು ಉಳಿದವು. ಜೇಬಿನಿಂದ ಎಲೆಯಡಿಕೆಯ ಡಬ್ಬಿ ತೆಗೆದು, ಸುಣ್ಣ ಒಂದಿಷ್ಟು ಅಂಗೈಗೆ ಹಾಕಿಕೊಂಡು, ಒಂದು ಚಿಟಿಕೆ ಪುಡಿ ಸೇರಿಸಿ ಹೆಬ್ಬೆರಳಿಂದ ತಿಕ್ಕಿ ನನ್ನ ಮೂಗಿನ ಹತ್ತಿರ ಹಿಡಿದರು. ಘಾಟು ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು.

"ನವಸಾಗರ" ಎಂದರು. "ಕಲಾಯಿಗೆ ಬೇಕಲ್ಲ, ನಮ್ಮಪ್ಪ ಹೀಗೇ ನೋಡಿ ತಗೊಳ್ತಿದ್ದ."

ಇನ್ಸ್‌ಪೆಕ್ಟರ ಮುಂದೆ ನಾನು ಮಾಡಿ ತೋರಿಸಲಾಗದ ಪ್ರಯೋಗ ಅವರ ಅಂಗೈಯಲ್ಲಿ ಆಗಿತ್ತು. ಕಣ್ಣೀರಿಗೆ ಘಾಟಿನ ನೆಪವಿತ್ತು, ಹಾಗಾಗಿ ಅಳು ಬಂದದ್ದನ್ನು ಮುಚ್ಚಲಿಲ್ಲ.

"ತಪ್ಪಾಯ್ತು. ಅವತ್ತು ನಾನು ಹೇಳ್ಬೇಕಿತ್ತು" ಎಂದೆ.

ಅವರು ಅಂಗೈ ತೊಳೆದು, ಪಂಚೆಯ ತುದಿಗೆ ಒರೆಸಿಕೊಂಡರು. "ನೀವು ಬಾಯಿ ಬಿಡ್ತೀರಿ ಅಂತ ಕಾದೆ ಟೀಚರ್. ನೀವು ಬಿಡ್ಲಿಲ್ಲ. ಅದಕ್ಕೆ ನಾನು ಬಿಟ್ಟೆ. ಒಂಬತ್ತು ವರ್ಷ ಯಾರಿಗೂ ಹೇಳಿರ್ಲಿಲ್ಲ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ನಾಲ್ಕು ವರ್ಷ ನಾನು ಅದೇ ಶಾಲೆಯಲ್ಲಿದ್ದೆ. ಗೇಟಿನಲ್ಲಿ ದಿನವೂ ಅವರೇ ಮೊದಲು ನಮಸ್ಕಾರ ಹೇಳುತ್ತಿದ್ದರು. ಲ್ಯಾಬಿಗೆ ಬನ್ನಿ, ಒಂದು ಚಾ ಕುಡಿದು ಹೋಗಿ ಎಂದು ಎಷ್ಟು ಸಲ ಕರೆದರೂ, "ಅಲ್ಲಿ ಓದಿದೋರು ಇರ್ತಾರೆ ಟೀಚರ್" ಎಂದು ನಗುತ್ತಾ ಹೊರಗೇ ಉಳಿದರು.