ಮಿಸ್ ಥ್ರೆಲ್‌ಫಾಲ್ ಮತ್ತು ಕಾಡುಸೇಬಿನ ಚೀಟಿ

ಜೆಲ್ಲಿಯ ಸೀಸೆ ಮಗುಚಿದ ದಿನವೇ ಬೇಸಿಲ್ ಪೆನ್‌ಕೆಟ್ ತನ್ನ ಒಂದೇ ಒಂದು ಒಳ್ಳೆಯ ಪ್ಯಾಂಟು ಹಾಕಿಕೊಂಡು ಬಂದಿದ್ದ. ಹೆಂಡತಿ ಮೂರಿಯಲ್ ಸೀಸೆಯಲ್ಲಿದ್ದದ್ದಕ್ಕೆ ಜೆಲ್ಲಿ ಎಂದು ಹೆಸರಿಟ್ಟಿದ್ದಳು. ಮೇಜಿನಿಂದ ತೊಡೆಗೆ, ತೊಡೆಯಿಂದ ಬೂಟಿಗೆ ಇಳಿದ ವೇಗ ನೋಡಿದರೆ ಅದು ಕಾಡುಸೇಬಿನ ಪಾನಕ. ನಿಘಂಟು ಕಚೇರಿಯ ಹನ್ನೊಂದು ಜನ ಪೆನ್ನು ಕೆಳಗಿಟ್ಟು ನೋಡಿದರು. ಮಿಸ್ ಹಿಲ್ಡಾ ಥ್ರೆಲ್‌ಫಾಲ್ ಮಾತ್ರ ತಲೆಯೆತ್ತಲಿಲ್ಲ. ಸೀಸೆ ತಂದದ್ದು ಅವಳ ಬೀಳ್ಕೊಡುಗೆಗೇ.

ಅಂದು ಅವಳ ಕೊನೆಯ ದಿನ. ಹದಿನಾಲ್ಕು ವರ್ಷ ಅವಳು ಒಂದೇ ಇಂಗ್ಲಿಷ್ ಪದದೊಡನೆ ಹೆಣಗಿದ್ದಳು: ಸೆಟ್. ಕ್ರಿಸ್‌ಮಸ್ಸಿಗೆ ಮುಗಿಯುತ್ತದೆ ಎಂದು ಕೊಟ್ಟಿದ್ದರು. ಯಾವ ಕ್ರಿಸ್‌ಮಸ್ ಎಂದು ಹೇಳಿರಲಿಲ್ಲ. ಮೂಲದಲ್ಲಿ ಅದರ ಅರ್ಥ ಕೂರಿಸುವುದು, ಅಷ್ಟೆ. ಆದರೆ ನಮ್ಮ ಜನ ಏನನ್ನು ತಾನೆ ಕೂರಿಸಲಿಲ್ಲ? ಮುರಿದ ಮೂಳೆ, ಉಂಗುರದ ಹರಳು, ಮೊಟ್ಟೆಯ ಮೇಲೆ ಕೋಳಿ. ಸೂರ್ಯ ಮುಳುಗಿದರೂ ಅದೇ ಪದ, ಗಾರೆ ಗಟ್ಟಿಯಾದರೂ ಅದೇ. ಸಾಲದ್ದಕ್ಕೆ, ಗುಂಪು ಎನ್ನುವ ಇನ್ನೊಂದು ಸೆಟ್ ಹಳೆಯ ಫ್ರೆಂಚಿನ ಕಡೆಯಿಂದ ಬಂದು, ಅದೇ ಅಂಗಿ ತೊಟ್ಟು, ಅದೇ ಮನೆಯಲ್ಲಿ ಬೀಡುಬಿಟ್ಟಿತ್ತು. ಎರಡು ವಂಶ ಬೇರ್ಪಡಿಸುವಷ್ಟರಲ್ಲಿ ಅವಳ ಮೂರು ಕನ್ನಡಕ ಸವೆದವು. ಮದುವೆಯಾಗೋಣ ಎಂದು ಕೇಳಿದ್ದ ಒಬ್ಬ ಮಹಾಶಯನೂ ಕಾದು ಕಾದು ಬೇರೆ ಕಡೆ ಹೋದ.

"ಬೇಸಿಲ್," ಎಂದಳು, ಕಣ್ಣು ಕಾಗದದ ಮೇಲೇ ಇಟ್ಟು. "ಶುಕ್ರವಾರ ನಿಮ್ಮ ಮೇಜಿನ ಮೇಲೆ ಒಂದು ಚೀಟಿ ಇಟ್ಟಿದ್ದೆ. ಸಹಿ ಆಯ್ತಾ?"

ಪ್ರತಿ ಅರ್ಥಕ್ಕೂ ಸಿಕ್ಕ ಅತಿ ಹಳೆಯ ವಾಕ್ಯವನ್ನು ಚೀಟಿಯಲ್ಲಿ ಬರೆದು ಇಬ್ಬರು ಸಹಿ ಹಾಕಬೇಕು. ಇಲ್ಲದಿದ್ದರೆ ಅದು ಅಚ್ಚಿಗೆ ಹೋಗದು.

"ಯಾವ ಚೀಟಿ?"

"ಗಟ್ಟಿಯಾಗೋ ಅರ್ಥದ್ದು. ಹಳೇ ಅಡುಗೆ ಪುಸ್ತಕದ ವಾಕ್ಯ. ಕಾಡುಸೇಬಿನ ರಸ ಕುದಿಸಿ, ಸೆಟ್ ಆಗೋ ತನಕ ತಣ್ಣಗಿನ ಜಾಗದಲ್ಲಿಡಿ ಅಂತ."

ಬೇಸಿಲ್‌ನ ತೊಡೆ ಮೊದಲೇ ತಣ್ಣಗಿತ್ತು. ಅದನ್ನು ಒರೆಸುತ್ತಿದ್ದ ಕೈವಸ್ತ್ರವನ್ನು ಅವನು ಕೆಳಗಿಟ್ಟ. ಮೂರಿಯಲ್‌ಗೆ ಜೆಲ್ಲಿ ಮಾಡುವ ಬಗೆ ಬರೆದುಕೊಡುತ್ತೇನೆ ಎಂದು ಮಿಸ್ ಥ್ರೆಲ್‌ಫಾಲ್ ಎಂದೋ ಮಾತು ಕೊಟ್ಟಿದ್ದಳು. ಇದೇ ಅದು ಎಂದುಕೊಂಡು ಮನೆಗೆ ಒಯ್ದಿದ್ದ. ಇಪ್ಪತ್ತು ವರ್ಷ ಚೀಟಿಗಳ ನಡುವೆ ಬದುಕಿದವನಿಗೆ ಚೀಟಿಯೇ ಕಂಡಿರಲಿಲ್ಲ.

"ಅದು... ಮನೇಲಿದೆ, ಮಿಸ್ ಥ್ರೆಲ್‌ಫಾಲ್. ಮೂರಿಯಲ್ ಅದರ ಪ್ರಕಾರ ಅಡುಗೆ ಮಾಡಿದ್ಲು."

ಹನ್ನೊಂದು ಪೆನ್ನುಗಳು ಮತ್ತೆ ಕೆಳಗಿಳಿದವು.

"ನಾಲ್ಕು ಗಂಟೆಗೆ ಅಚ್ಚಿನ ಮನೆಯವರು ಬರ್ತಾರೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೆ ಬೇಕಾದ ಶಕ್ತಿಯೂ ಇರಲಿಲ್ಲ. "ಅದಿಲ್ಲದಿದ್ರೆ ಆಮೇಲಿನ ವಾಕ್ಯದ ತಾರೀಖೇ ಗತಿ, ಈ ಅರ್ಥ ನೂರ ಹತ್ತು ವರ್ಷ ಚಿಕ್ಕದಾಗಿಬಿಡತ್ತೆ. ತಪ್ಪು ತಾರೀಖು ಬಿಟ್ಟು ನಾನು ಮನೆಗೆ ಹೋಗಲ್ಲ. ಇನ್ನೊಂದು ವರ್ಷ ಇಲ್ಲೇ ಕೂತಿರ್ತೀನಿ. ಅಭ್ಯಾಸ ಇದೆ."

ಅಂಟುವ ಪ್ಯಾಂಟಿನಲ್ಲೇ ಬೇಸಿಲ್ ಸೈಕಲ್ ತುಳಿದ. ಮೂರಿಯಲ್ ಬಾಗಿಲಲ್ಲೇ ಶುರುಮಾಡಿದಳು: "ಏನ್ರೀ ಇದು ಅವತಾರ! ಆ ಚೀಟಿ ಬರೆದೋರಿಗೆ ಅಡುಗೆ ಬರಲ್ಲ ಅಂತ ಹೇಳಿ ಅವರಿಗೆ. ಸಕ್ಕರೆ ಎಷ್ಟು ಅಂತಾನೇ ಇಲ್ಲ! ನಾನೇ ತಿದ್ದಿದೀನಿ."

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಚೀಟಿ ಮಿಸ್ ಥ್ರೆಲ್‌ಫಾಲ್‌ಳ ಕೈ ಸೇರಿತು. ಅಂಚಿಗೆ ಸಕ್ಕರೆ ಪಾಕ, ಕೆಳಗೆ ನೀಲಿ ಶಾಯಿಯಲ್ಲಿ 'ನಿಂಬೆ ರಸ, ಎರಡು ಚಮಚ.' ಅವಳು ಒದ್ದೆ ಬಟ್ಟೆಯಿಂದ ಪಾಕ ಒರೆಸಿದಳು, ಮೂರಿಯಲ್‌ಳ ನಿಂಬೆಹಣ್ಣನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದಳು, ಬೇಸಿಲ್‌ನ ಸಹಿ ಪಡೆದು ಅದನ್ನು ಉಳಿದ ಚೀಟಿಗಳ ಕಟ್ಟಿನೊಳಗೆ ಸೇರಿಸಿದಳು. ಅಚ್ಚಿನ ಮನೆಯವನು ಹದಿನಾಲ್ಕು ವರ್ಷಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಅವಳು ಕೋಟು ಹಾಕಿಕೊಂಡು, ಗುಂಡಿ ಹಾಕುವುದನ್ನು ಮರೆತು, ಖಾಲಿ ಮೇಜನ್ನೇ ನೋಡುತ್ತ ನಿಂತಳು.

ಏನಾದರೂ ಹೇಳಬೇಕೆನಿಸಿತು ಬೇಸಿಲ್‌ಗೆ. ಹೊಳೆದದ್ದು ಇಷ್ಟೇ: "ಮೂರು ದಿನ ತಣ್ಣಗಿನ ಜಾಗದಲ್ಲೇ ಇಟ್ಟಿದ್ವಿ, ಮಿಸ್ ಥ್ರೆಲ್‌ಫಾಲ್. ಆದ್ರೂ ಯಾಕೆ ಗಟ್ಟಿಯಾಗ್ಲಿಲ್ಲ?"

"ನನ್ನ ಸಹಿ ತಾರೀಖಿಗೆ ಮಾತ್ರ, ಬೇಸಿಲ್. ಮಿಕ್ಕಿದ್ದನ್ನ ಪುಸ್ತಕ ಬರೆದ ಆ ಅಡುಗೆಯವಳನ್ನೇ ಕೇಳ್ಬೇಕು. ಅವಳು ಸತ್ತು ಮುನ್ನೂರು ವರ್ಷ ಆಯ್ತು."