ಮೀನು ನೋಡಲು ಹೋದವರು

ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಸಮುದ್ರದ ಮಾತು ಬಂದರೆ ಎಲ್ಲರೂ ನನ್ನ ಗಂಡನ ಮುಖ ನೋಡುತ್ತಾರೆ. ಉಡುಪಿ ಕಡೆಯವರು ಎಂದ ಮೇಲೆ ಸಮುದ್ರದಲ್ಲೇ ಹುಟ್ಟಿ, ಅಲ್ಲೇ ತೇಲಾಡಿ, ಒಂದು ದಿನ ಇಡ್ಲಿ ಪಾತ್ರೆ ಸಮೇತ ಗುಜರಾತಿನ ದಡಕ್ಕೆ ಬಂದು ಬಿದ್ದವರು ಎಂದು ಅವರ ನಂಬಿಕೆ. ನನ್ನ ಗಂಡ ಆ ನಂಬಿಕೆಯನ್ನು ಚೆನ್ನಾಗಿ ಸಾಕಿಕೊಂಡು ಬಂದಿದ್ದಾರೆ. ಟಿವಿಯಲ್ಲಿ ಚಂಡಮಾರುತದ ಸುದ್ದಿ ಬಂದರೆ ಸಾಕು, ಲಿಫ್ಟಿನ ಬಳಿ ನಿಂತು ಅದು ಎತ್ತ ತಿರುಗುತ್ತದೆ ಎಂದು ಕೈಬೀಸಿ ತೋರಿಸುತ್ತಾರೆ. ಅವರು ಸಮುದ್ರಕ್ಕೆ ಇಳಿದದ್ದು ಮೊಣಕಾಲಿನವರೆಗೆ, ಅದೂ ಪ್ಯಾಂಟು ಮಡಚಿಕೊಂಡು ಎಂಬ ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು.

ನಾನೂ ಅವರಿಗಿಂತ ದೊಡ್ಡ ಸಾಹಸಿಯೇನಲ್ಲ. ತವರುಮನೆಯ ಹಿತ್ತಲಿಗೆ ಅಲೆಯ ಸದ್ದು ಕೇಳುತ್ತಿತ್ತು, ಆದರೆ ಈಜು ಯಾರೂ ಕಲಿಸಲಿಲ್ಲ. ನೀರಿಗೆ ಇಳಿಯುವುದು ದೋಣಿಯವರ ಕೆಲಸ, ಹೆಣ್ಣುಮಕ್ಕಳು ಇಳಿದರೆ ಬೈಗುಳ. ಮೀನಿನ ಪರಿಚಯ ನನಗೆ ಆದದ್ದು ಬಾಗಿಲಿಗೆ ಬರುತ್ತಿದ್ದ ಬುಟ್ಟಿಯಲ್ಲಿ. ಕಿವಿರು ಎತ್ತಿ ನೋಡಿ, ಕೆಂಪಗಿದ್ದರೆ ಚೌಕಾಶಿ, ಇಲ್ಲದಿದ್ದರೆ ಮುಂದಿನ ಮನೆಗೆ. ಜೀವಂತ ಮೀನನ್ನು ಸುಮ್ಮನೆ ನೋಡಿ ವಾಪಸು ಬರಲೆಂದು ವಿಮಾನ ಹತ್ತುವವರು ಇದ್ದಾರೆ ಎಂದು ಅಮ್ಮನಿಗೆ ಹೇಳಿದ್ದರೆ ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದಳು.

ಮದುವೆಯಾಗಿ ಬಂದದ್ದು ವಡೋದರಾದ ಗೋರ್ವಾಕ್ಕೆ. ಕಾರ್ಖಾನೆಗಳ ನಡುವೆ ಗಂಡನ ಅಣ್ಣನ ಹೋಟೆಲು, ಮೇಲೆ ನಮ್ಮ ಕೋಣೆ. ಹೋಟೆಲಿನ ಬೋರ್ಡಿನಲ್ಲಿ 'ಶುದ್ಧ ಶಾಕಾಹಾರಿ' ಎಂದು ದಪ್ಪ ಅಕ್ಷರದಲ್ಲಿತ್ತು. ಹೋಟೆಲು ಶುದ್ಧವೇ, ಮಾಲೀಕರ ಬಗ್ಗೆ ಬೋರ್ಡು ಏನನ್ನೂ ಹೇಳುತ್ತಿರಲಿಲ್ಲ. ಆಮೇಲೆ ಬೋಪಾಲ್‌ನಲ್ಲಿ ನಮ್ಮದೇ ಹೋಟೆಲಾಯಿತು, ಫ್ಲಾಟೂ ಆಯಿತು. ಫ್ಲಾಟು ನೋಡಲು ಹೋದ ದಿನ ಸೊಸೈಟಿಯ ಅಧ್ಯಕ್ಷರು ನಮ್ಮ ಊರು, ಜಾತಿ, ಕಾರು ಯಾವುದನ್ನೂ ನೇರವಾಗಿ ಕೇಳಲಿಲ್ಲ. "ಊಟ ಗೀಟ ಎಲ್ಲ ನಮ್ಮ ಹಾಗೇ ತಾನೆ?" ಎಂದಷ್ಟೇ ಕೇಳಿದರು. "ನಮ್ಮದು ಉಡುಪಿ ಹೋಟೆಲು ಸಾಹೇಬರೇ" ಎಂದರು ನನ್ನ ಗಂಡ. ಅದು ಸುಳ್ಳಲ್ಲ. ಉತ್ತರವೂ ಅಲ್ಲ.

ಹೀಗೆ ನಮ್ಮ ಭಾನುವಾರಗಳು ಕಳ್ಳಸಾಗಣೆದಾರರ ಭಾನುವಾರಗಳಾದವು. ಊರಿನ ಇನ್ನೊಂದು ತುದಿಯಿಂದ ಮೀನು ಮೂರು ಚೀಲದೊಳಗೆ ಅಡಗಿ, ಮೇಲೆ ಕೊತ್ತಂಬರಿ ಸೊಪ್ಪಿನ ಮುಸುಕು ಹಾಕಿಕೊಂಡು ಬರುತ್ತಿತ್ತು. ಕಿಟಕಿ ಮುಚ್ಚಿ, ಫ್ಯಾನು ಹಾಕಿ, ಬಾಗಿಲ ಬಳಿ ಒಂದು ಕಟ್ಟು ಊದುಬತ್ತಿ ಹಚ್ಚಿ ನಾನು ಸಾರಿಗೆ ಒಗ್ಗರಣೆ ಕೊಡುತ್ತಿದ್ದೆ. ಎದುರು ಬಾಗಿಲಿನಲ್ಲಿ ಇದ್ದದ್ದು ಬೇರೆ ಯಾರೂ ಅಲ್ಲ, ಅದೇ ಅಧ್ಯಕ್ಷರ ಸಂಸಾರ. ಅವರ ಹೆಂಡತಿಯನ್ನು ಇಡೀ ಕಟ್ಟಡ 'ಬೆನ್' ಎನ್ನುತ್ತದೆ, ಅಂದರೆ ಅಕ್ಕ. ಅರವತ್ತು ದಾಟಿದವರು, ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟದವರು. ಯಾರ ಮನೆಯ ಕುಕ್ಕರಿನಲ್ಲಿ ಏನು ಬೇಯುತ್ತಿದೆ ಎಂದು ಮೆಟ್ಟಿಲಲ್ಲೇ ಹೇಳಬಲ್ಲ ಮೂಗು ಅವರದು. ಅವರು ಎದುರಾದಾಗಲೆಲ್ಲ ನಾನು ಉಸಿರು ಬಿಗಿಹಿಡಿಯುತ್ತಿದ್ದೆ, ವಾಸನೆ ನನ್ನ ಬಾಯಿಂದಲೇ ಹೊರಬೀಳುವುದೋ ಎಂಬಂತೆ.

ದೀಪಾವಳಿಯ ರಜೆಗೆ ಸೊಸೈಟಿಯ ಕೆಲವು ದಂಪತಿಗಳು ಸೇರಿ ಒಂದು ದ್ವೀಪದ ರೆಸಾರ್ಟಿಗೆ ಹೊರಟಾಗ ನಮ್ಮನ್ನು ಕೇಳಲೇ ಇಲ್ಲ. ಹೆಸರು ಮೊದಲೇ ಸೇರಿಸಿಬಿಟ್ಟಿದ್ದರು. ನೀರಿನ ಜಾಗಕ್ಕೆ ಹೋಗುವಾಗ ನೀರಿನ ಮನುಷ್ಯ ಜೊತೆಗಿರಬೇಕಲ್ಲ! ನನ್ನ ಗಂಡ ಎದೆಯುಬ್ಬಿಸಿ ಒಪ್ಪಿಕೊಂಡು ಒಳಗೆ ಬಂದರು, ಬಾಗಿಲು ಹಾಕಿದ ಕೂಡಲೇ ಎದೆ ಇಳಿಯಿತು.

"ಎಂತ ಮಾಡುದು ಮಾರಾಯ್ತಿ?"

"ನೀವೇ ಹೇಳಿದ್ದಲ್ವಾ, ಅಲೆ ಮೇಲೆ ಮಲಗಿ ನಿದ್ದೆ ಮಾಡ್ತಿದ್ದೆ ಅಂತ? ಅಲ್ಲಿ ಹೋಗಿ ಮಲಗಿ."

ದ್ವೀಪ ಚಂದವಿತ್ತು, ಅದರಲ್ಲಿ ಮೋಸವಿಲ್ಲ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು, ನೆಲದಲ್ಲಿ ಗಾಜು, ಗಾಜಿನ ಕೆಳಗೆ ಸಮುದ್ರ. ನಮ್ಮವರು ಬಂದವರೇ ಗಾಜಿನ ಮೇಲೆ ಚಾಪೆ ಹಾಸಿ, ಮನೆಯಿಂದ ತಂದ ಮೆಂತ್ಯದ ರೊಟ್ಟಿ ಥೇಪ್ಲಾ, ಉಪ್ಪಿನಕಾಯಿ ಬಿಚ್ಚಿದರು. ಮರುದಿನ ಬೆಳಿಗ್ಗೆ ರೆಸಾರ್ಟಿನ ಹವಳ ವಿಭಾಗದ ಹುಡುಗಿಯೊಬ್ಬಳು ನಮ್ಮನ್ನು ಕೂರಿಸಿಕೊಂಡು ಪಾಠ ಮಾಡಿದಳು. ಹವಳ ಎಂದರೆ ಕಲ್ಲಲ್ಲ, ಗಿಡವಲ್ಲ, ಪ್ರಾಣಿ. ಇಲ್ಲಿಯ ಹವಳದ ದಿಬ್ಬ ನೀರು ಬಿಸಿಯಾಗಿ ಬೆಳ್ಳಗಾಗಿ ಸತ್ತುಹೋಗಿತ್ತು. ಮುರಿದ ತುಂಡುಗಳಲ್ಲಿ ಜೀವ ಉಳಿದವನ್ನು ಆರಿಸಿ, ಕಬ್ಬಿಣದ ಚೌಕಟ್ಟಿಗೆ ಕಟ್ಟಿ, ನೀರೊಳಗೆ ಇಟ್ಟು ಮತ್ತೆ ಬೆಳೆಸುತ್ತಿದ್ದಾರೆ. ನಮ್ಮ ಗುಂಪಿನ ಒಬ್ಬರು ಈ ನೀರಿನ ಮೇಲಿನ ಮನೆಗಳಿಗೆ ಕಂಬ ನೆಟ್ಟದ್ದು ಎಲ್ಲಿ ಎಂದು ಕೇಳಿದರು. ಹುಡುಗಿ ಸ್ವಲ್ಪ ಹೊತ್ತು ಮುಗುಳ್ನಕ್ಕು, "ಅಲ್ಲಿ ಕೂಡ ಕೆಲವು ಹವಳ ಇದ್ದವು" ಎಂದಳು. ಮೊದಲು ಒಡೆದು ಮಂಚ ಹಾಕುವುದು, ಆಮೇಲೆ ಮಂಚದಲ್ಲಿ ಮಲಗಿದವರನ್ನು ಎಬ್ಬಿಸಿ, ಬನ್ನಿ, ಹೇಗೆ ಜೋಡಿಸುತ್ತಿದ್ದೇವೆ ನೋಡಿ ಎಂದು ಕರೆದೊಯ್ಯುವುದು. ವ್ಯಾಪಾರ ಎಂದರೆ ಇದು. ನಾವು ಒಡೆದ ಲೋಟವನ್ನು ಸುಮ್ಮನೆ ಎಸೆದುಬಿಡುತ್ತಿದ್ದೆವು.

ದೋಣಿ ನಿಂತಾಗ ಎಲ್ಲರೂ ನನ್ನ ಗಂಡನಿಗೆ ದಾರಿ ಬಿಟ್ಟುಕೊಟ್ಟರು. ಲೈಫ್ ಜಾಕೆಟು, ಮುಖಕ್ಕೆ ಗಾಜಿನ ಮುಸುಕು, ಬಾಯಿಗೆ ಕೊಳವೆ, ಕಾಲಿಗೆ ರಬ್ಬರಿನ ಬಾತುಪಾದ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಬಿಳಿ ಪಂಚೆಯಲ್ಲಿ ಕೂರುವ ಮನುಷ್ಯ ಆ ವೇಷದಲ್ಲಿ ಏಣಿಯ ಮೇಲೆ ಹಿಮ್ಮುಖವಾಗಿ ಇಳಿಯುವುದನ್ನು ನೋಡಿ ನಾನು ಬೇರೆ ಕಡೆ ತಿರುಗಿದೆ. ಅವರು ಮುಳುಗಿ, ಕೊಳವೆಯ ತುಂಬ ನೀರು ಕುಡಿದು, ಕೆಮ್ಮಿ, ಏಣಿಯನ್ನು ತಬ್ಬಿಕೊಂಡರು. ಯಾರು ಬಿಡಿಸಿದರೂ ಬಿಡಲಿಲ್ಲ. ದೋಣಿಗೆ ಹತ್ತಿ ಟವೆಲು ಹೊದ್ದು ಕುಳಿತ ಮೇಲೆ ಗಂಭೀರವಾಗಿ ಹೇಳಿದರು, "ಒಳಸೆಳೆತ ಜೋರಿದೆ. ನಿಮಗೆ ಗೊತ್ತಾಗುವುದಿಲ್ಲ. ನಾನು ಮೇಲಿಂದ ನಿಗಾ ಇಡುತ್ತೇನೆ." ನೀರು ತಟ್ಟೆಯಲ್ಲಿ ಹೊಯ್ದ ಹಾಗೆ ಅಲುಗಾಡದೆ ನಿಂತಿತ್ತು. ಆದರೂ ಅಧ್ಯಕ್ಷರು ಸೇರಿ ಅರ್ಧ ಗುಂಪು ಅವರ ಮಾತು ನಂಬಿ ದೋಣಿಯಲ್ಲೇ ಉಳಿಯಿತು.

ಇಳಿದವರಲ್ಲಿ ನಾನೊಬ್ಬಳು. ಧೈರ್ಯದಿಂದ ಅಲ್ಲ, ಗಂಡನ ಪಕ್ಕ ಕೂತು ನಿಗಾ ಇಡುವ ನಾಚಿಕೆಗಿಂತ ಮುಳುಗುವುದೇ ವಾಸಿ ಎನಿಸಿತ್ತು. ನನ್ನ ಹಿಂದೆಯೇ ಸಲ್ವಾರ್ ಕಮೀಜಿನ ಮೇಲೆ ಜಾಕೆಟು ಕಟ್ಟಿಕೊಂಡು ಬೆನ್ ಇಳಿದರು. ಇಳಿದವರೇ ನನ್ನ ಕೈ ಹಿಡಿದ ಹಿಡಿತ ಹೇಗಿತ್ತೆಂದರೆ, ಬಳೆ ಒಡೆಯದೆ ಉಳಿದದ್ದು ಅದು ಪ್ಲಾಸ್ಟಿಕ್ಕಿನದಾದ ಕಾರಣ.

ಮುಖ ನೀರಿಗಿಟ್ಟೆ. ಮೊದಲು ಕಂಡದ್ದು ಬೂದು ಬಣ್ಣದ ರಾಶಿ, ಕೆಡವಿದ ಕಟ್ಟಡದ ಹಾಗೆ. ಇದಕ್ಕಾಗಿಯೇ ಬಂದೆವೇ ಎಂದುಕೊಳ್ಳುವಷ್ಟರಲ್ಲಿ ಹುಡುಗಿ ನಾವು ಹಿಡಿದುಕೊಂಡಿದ್ದ ರಬ್ಬರಿನ ತೇಲುಬಳೆಯನ್ನು ಎಳೆದುಕೊಂಡು ಮುಂದೆ ಹೋದಳು. ಕಬ್ಬಿಣದ ಚೌಕಟ್ಟುಗಳು ಸಾಲಾಗಿ ಕಾಣಿಸಿದವು. ಕೆಲವಕ್ಕೆ ಕಡ್ಡಿಯಷ್ಟು ಹವಳ, ಮುಂದಿನವಕ್ಕೆ ಅಂಗೈಯಷ್ಟು, ಅದರಾಚೆ ಕಬ್ಬಿಣವೇ ಕಾಣದಂತೆ ಕಂದು, ನೇರಳೆ, ಹಸಿರು ಕವಲುಗಳು. ಕವಲಿನ ನಡುವೆ ನೀಲಿ ಮರಿಮೀನುಗಳ ಹಿಂಡು ಒಮ್ಮೆಗೇ ಹೊರಬಂದು, ನಮ್ಮ ನೆರಳು ಬಿದ್ದೊಡನೆ ಒಮ್ಮೆಗೇ ಒಳಗೆ. ಕಿವಿಯ ತುಂಬ ಏನೋ ಸಣ್ಣಗೆ ಸಿಡಿಯುವ ಸದ್ದು, ಬಾಣಲೆಯಲ್ಲಿ ಸಾಸಿವೆ ಚಟಪಟಿಸಿದಂತೆ. ನಾನು ನನ್ನ ಉಸಿರನ್ನೇ ಮರೆತಿದ್ದೆ. ನಲವತ್ತು ದಾಟಿದ ಹೆಂಗಸು, ಇಷ್ಟು ವರ್ಷ ಈ ಜೀವಿಗಳನ್ನು ಬರೀ ಅಡ್ಡಡ್ಡ ಮಲಗಿದ್ದಾಗಲೇ ನೋಡಿದ್ದೆ.

ಆಗ ಒಂದು ಚೌಕಟ್ಟಿನ ಅಡಿಯಿಂದ ದಪ್ಪ ತುಟಿಯ, ಚುಕ್ಕೆ ಚುಕ್ಕೆ ಮೈಯ ದೊಡ್ಡ ಮೀನೊಂದು ಮೆಲ್ಲಗೆ ಹೊರಬಂದು ನಮ್ಮನ್ನು ದಿಟ್ಟಿಸಿತು. ನನಗೆ ಗುರುತು ಸಿಕ್ಕಿತು, ಹಳೆಯ ನೆಂಟರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಹಾಗೆ.

"ಮುರು!" ಎಂದು ಕೊಳವೆಯೊಳಗೇ ಕೂಗಿದೆ. "ಮುರು ಮೀನು!"

ಬೆನ್ ನನ್ನ ಕಡೆ ತಿರುಗಿದರು. ಗಾಜಿನ ಹಿಂದೆ ಅವರ ಕಣ್ಣು ದೊಡ್ಡದಾಗಿ ಕಂಡಿತು. ಅವರ ತವರು ಸೂರತ್ತಿನ ವರಾಛಾ. ತಂದೆ ಅಣ್ಣಂದಿರೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಜ್ರದ ದೋಷ ಹುಡುಕುವವರು. ಅದೇ ನೋಟದಲ್ಲಿ ನನ್ನನ್ನು ಒಮ್ಮೆ, ಮೀನನ್ನು ಒಮ್ಮೆ ನೋಡಿದರು.

ದೋಣಿಗೆ ಹತ್ತಿ ಕೂತ ಮೇಲೆ, ಉಳಿದವರೆಲ್ಲ ನನ್ನ ಗಂಡನಿಂದ ಒಳಸೆಳೆತದ ವಿವರಣೆ ಕೇಳುತ್ತಿದ್ದಾಗ, ಬೆನ್ ನನ್ನ ಪಕ್ಕಕ್ಕೆ ಸರಿದರು. ನಮ್ಮ ಮಾತೆಲ್ಲ ಗುಜರಾತಿಯಲ್ಲೇ.

"ನೀನು ಕೂಗಿದ್ದು ಆ ಮೀನಿನ ಹೆಸರು ತಾನೆ? ನಿನಗೆ ಹೇಗೆ ಗೊತ್ತು?"

"ಊರಲ್ಲಿ ನೋಡಿದ್ದೆ ಬೆನ್."

"ನೀರಿನಲ್ಲೋ, ತಟ್ಟೆಯಲ್ಲೋ?"

ನನ್ನ ಮೈಯ ನೀರೆಲ್ಲ ಒಮ್ಮೆಗೇ ತಣ್ಣಗಾಯಿತು. ಫ್ಲಾಟು, ಹೋಟೆಲು, ಬೋರ್ಡಿನ ದಪ್ಪ ಅಕ್ಷರ ಎಲ್ಲ ಕಣ್ಣ ಮುಂದೆ ಬಂದವು.

"ಭಾನುವಾರ ಮಾತ್ರ ನಿಮಗೆ ಅಷ್ಟೊಂದು ಭಕ್ತಿ ಏಕೆ ಬರುತ್ತದೆ ಎಂದು ನನಗೆ ಮೊದಲ ವರ್ಷವೇ ತಿಳಿದಿತ್ತು" ಎಂದರು ಬೆನ್, ಒದ್ದೆ ದುಪಟ್ಟಾ ಹಿಂಡುತ್ತ. "ಮೇಲಿನ ಮನೆಯವರು ಎಷ್ಟು ಸಲ ದೂರು ತಂದರು ಗೊತ್ತಾ? ಗಟಾರದ ವಾಸನೆ ಎಂದು ಹೇಳಿ ನಾನೇ ಪ್ಲಂಬರನ್ನು ಕರೆಸಿದೆ. ಪಾಪ, ಅವನು ಸರಿಯಾಗಿದ್ದ ಪೈಪನ್ನೆಲ್ಲ ಬಿಚ್ಚಿ ಜೋಡಿಸಿ ಹೋದ."

ಭಯ ಹೋದ ಜಾಗಕ್ಕೆ ಮೊದಲು ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ನನ್ನ ಅಮ್ಮ ಕಲಿಸಿದ ಮಸಾಲೆ, ಕಾಯಿ ನುಣ್ಣಗೆ ಅರೆದ ಸಾರು, ಅದಕ್ಕೆ ಗಟಾರ ಎನ್ನುವುದೇ? "ಬೇರೆ ಏನಾದರೂ ಹೇಳಬಹುದಿತ್ತು ಬೆನ್" ಎಂದುಬಿಟ್ಟೆ.

ಅವರು ನಗಲು ಶುರುಮಾಡಿದರು. ನಾನೂ ನಕ್ಕೆ. ಇಬ್ಬರೂ ನಗುವುದು ನೋಡಿ ನನ್ನ ಗಂಡ, ಉಪ್ಪುನೀರು ಕುಡಿದರೆ ಕೆಲವರಿಗೆ ಹೀಗಾಗುತ್ತದೆ ಎಂದು ಗುಂಪಿಗೆ ತಿಳಿಸಿದರು.

ನಗು ನಿಂತ ಮೇಲೆ ಬೆನ್ ಕೇಳಿದರು, "ಯಾಕೆ ಹೇಳಲಿಲ್ಲ ಎಂದು ಕೇಳುವುದಿಲ್ಲವಾ?"

"ಯಾಕೆ?"

"ನನ್ನ ಸೊಸೆ ಇದ್ದಾಳಲ್ಲ, ಕೆನಡಾದವಳು. ವಿಡಿಯೋ ಕಾಲಿನಲ್ಲಿ ಅವಳ ತಟ್ಟೆ ಕಂಡ ದಿನ ನಮ್ಮ ಯಜಮಾನರು ಫೋನು ಇಟ್ಟರು, ಇವತ್ತಿಗೂ ಅವಳ ಹತ್ತಿರ ಮಾತಿಲ್ಲ. ಮಗನೂ ಫೋನು ಮಾಡುವುದು ಕಡಿಮೆ ಮಾಡಿದ. ಎದುರುಮನೆಯ ಬಾಗಿಲೂ ಮುಚ್ಚಿಸಿಬಿಟ್ಟರೆ ನಾನು ಯಾರ ಜೊತೆ ಮಾತಾಡಲಿ?"

ಅಷ್ಟು ವರ್ಷ ಆ ಮೂಗಿಗೆ ಹೆದರಿ, ಅವರು ಚಹಾಕ್ಕೆ ಕರೆದಾಗಲೆಲ್ಲ ಹೋಟೆಲಿನ ನೆಪ ಹೇಳಿದ್ದೆ.

ಸಂಜೆಯ ಊಟ ಒಂದು ದೊಡ್ಡ ಹಾಲ್‌ನಲ್ಲಿ. ಒಂದು ಮೂಲೆಯಲ್ಲಿ ನಮ್ಮ ಗುಂಪಿಗೆಂದು ಮಾಡಿದ ದಾಲ್, ಅನ್ನ, ಆಲೂಗಡ್ಡೆ. ಇನ್ನೊಂದು ಮೂಲೆಯಲ್ಲಿ ಕೆಂಡದ ಮೇಲೆ ಮೀನು. ನನ್ನ ಗಂಡ ಬಂದ ದಿನದಿಂದ ಆ ಮೂಲೆಗೆ ಬೆನ್ನು ಹಾಕಿ ಕೂರುತ್ತಿದ್ದರು, ಕಣ್ಣಲ್ಲಿ ನೀರು ಬರಬಾರದೆಂದು. ಬೆನ್ ಎದ್ದು ನಿಂತು, ಮರಳಿನ ಮೇಲೆ ಗರ್ಬಾ ಆಡೋಣ, ಈಗಲೇ, ಎಲ್ಲರೂ ಎಂದು ಘೋಷಿಸಿದರು. ಅಧ್ಯಕ್ಷರು ಐಸ್‌ಕ್ರೀಮಿನ ಬಟ್ಟಲು ಹಿಡಿದೇ ಹೊರಟರು. ಬಾಗಿಲಲ್ಲಿ ತಿರುಗಿ ಬೆನ್ ಗಟ್ಟಿಯಾಗಿ ಹೇಳಿದರು, "ಈ ಅಣ್ಣನಿಗೆ ಬೆಳಿಗ್ಗೆಯ ಸೆಳೆತದಿಂದ ಕಾಲುನೋವು. ಗಂಡಹೆಂಡತಿ ಇಲ್ಲೇ ಇರಲಿ."

ನನ್ನ ಗಂಡನಿಗೆ ನಾನು ಎರಡು ಮಾತಿನಲ್ಲಿ ಎಲ್ಲ ಹೇಳಿದೆ. ಅವರ ಮುಖದಲ್ಲಿ ಅವಮಾನ, ಆಶ್ಚರ್ಯ, ಹಸಿವು ಒಂದರ ಮೇಲೊಂದು ಬಂದವು. ಕೊನೆಗೆ ಹಸಿವು ಗೆದ್ದಿತು. ತಟ್ಟೆ ತಂದರು. ಮುರು ಮೀನೇ. "ಇದನ್ನು ಎಲ್ಲಿಂದ ತರುತ್ತೀರಿ?" ಎಂದು ಬಡಿಸುವವನನ್ನು ಕೇಳಿದೆ. "ವಿಮಾನದಲ್ಲಿ ಬರುತ್ತದೆ ಮೇಡಂ. ಇಲ್ಲಿಯದನ್ನು ಮುಟ್ಟುವ ಹಾಗಿಲ್ಲ" ಎಂದ. ಸುತ್ತಲೂ ಸಮುದ್ರ, ಮೀನು ಆಕಾಶದಿಂದ. ಮೊದಲ ತುತ್ತಿಗೆ ಆ ದಪ್ಪ ತುಟಿಯ ಮುಖ ನೆನಪಾಗಿ ಕೈ ತಡೆಯಿತು. ತಡೆದ ಕೈ ಹೆಚ್ಚು ಹೊತ್ತು ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಉಪ್ಪು ಸಪ್ಪೆ, ಹುಳಿಯ ಸುಳಿವೇ ಇಲ್ಲ. ಹೊರಗೆ ಚಪ್ಪಾಳೆಯ ತಾಳ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಬೆನ್ ನನ್ನ ಬಾಗಿಲು ತಟ್ಟಿದರು. ಇನ್ನೊಮ್ಮೆ ಇಳಿಯಬೇಕಂತೆ. ಆ ಸಲ ಇಳಿಯುವ ಮೊದಲು, ದಡದಲ್ಲೇ, ಹುಡುಗಿ ಒಂದು ಹವಳದ ತುಂಡನ್ನು ಅವರ ಕೈಗೆ ಕೊಟ್ಟಳು, ಅವರು ಅದನ್ನು ಚೌಕಟ್ಟಿಗೆ ಕಟ್ಟಿದರು, ಗಂಟು ಸರಿಬರುವವರೆಗೆ ಬಿಚ್ಚಿ ಬಿಚ್ಚಿ ಕಟ್ಟಿದರು. ಚೌಕಟ್ಟಿನ ಪಟ್ಟಿಯಲ್ಲಿ ಯಾರ ಹೆಸರು ಬರೆಯಲಿ ಎಂದು ಹುಡುಗಿ ಕೇಳಿದಾಗ ಸೊಸೆಯ ಹೆಸರು ಹೇಳಿದರು. ಅಧ್ಯಕ್ಷರು ಅಲ್ಲೇ ನಿಂತಿದ್ದರು. ಒಂದು ಕ್ಷಣ ಸಮುದ್ರ ನೋಡಿದರು, ಆಮೇಲೆ, "ಫೋಟೋ ತೆಗೆದು ಅವಳಿಗೆ ಕಳಿಸು" ಎಂದರು. ಅದನ್ನು ಹೇಳುವಾಗಲೂ ಸೊಸೈಟಿಯ ನೋಟೀಸು ಓದಿದ ದನಿಯೇ.

ಈಗ ವಾರಕ್ಕೆ ಮೂರು ದಿನ ಬೆಳಿಗ್ಗೆ ಬೆನ್ ಮತ್ತು ನಾನು ಅವರ ಸ್ಕೂಟರಿನಲ್ಲಿ ಈಜುಕೊಳಕ್ಕೆ ಹೋಗುತ್ತೇವೆ. ಕಲಿಸುವವಳು ನಮ್ಮಿಬ್ಬರ ಮೇಲೂ ಕೂಗುತ್ತಾಳೆ. ಬೆನ್ ಆಗಲೇ ತೇಲುತ್ತಾರೆ, ನಾನು ಇನ್ನೂ ಕಂಬಿ ಬಿಟ್ಟಿಲ್ಲ. ಕೊಳದಲ್ಲಿ ನೋಡಲು ಏನೂ ಇಲ್ಲ, ನೀಲಿ ಟೈಲು, ಯಾರದೋ ಕೂದಲಿನ ಕ್ಲಿಪ್ಪು. ಆದರೂ ಬೆನ್ ಪ್ರತಿ ಸಲವೂ ಮುಖ ನೀರಿಗಿಟ್ಟು ಬಹಳ ಹೊತ್ತು ಕೆಳಗೆ ನೋಡುತ್ತಾರೆ.