ಲಕ್ಕವ್ವನ ಬಲಗೈ

ಅದು ಬೀಳಗಿ ತಾಲೂಕಿನಲ್ಲಿ ನನ್ನ ನೌಕರಿಯ ಕೊನೆಯ ವರ್ಷ. ನಾನು ಆಪ್ತ ಸಮಾಲೋಚಕಿ. ಅಂದರೆ ಆಘಾತ ಅನುಭವಿಸಿದವರ ಜೊತೆ ಕೂತು ಅವರ ಮನಸ್ಸು ನೆಟ್ಟಗಾಗಲು ನೆರವಾಗುವವಳು. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದೆ, ಎಲ್ಲ ಗೊತ್ತೆಂಬ ಹಮ್ಮೂ ಇತ್ತು. ಆ ಮಳೆಗಾಲ ಕೃಷ್ಣೆ ಗಲಗಲಿ ಕಡೆಯ ಮನೆಗಳಿಗೆ ನುಗ್ಗಿದಾಗ, ಶಾಲೆಯೊಂದರಲ್ಲಿ ಸಂತ್ರಸ್ತರಿಗಾಗಿ ತೆರೆದ ಕಾಳಜಿ ಕೇಂದ್ರಕ್ಕೆ ನನ್ನನ್ನು ಹಾಕಿದರು.

ಅಲ್ಲಿ ಲಕ್ಕವ್ವ ಇದ್ದಳು. ಕುರಿ ಕಾಯುವ ಮನೆತನದ, ಇಪ್ಪತ್ತೈದರ ಹೆಣ್ಣುಮಗಳು. ನೀರು ಎದೆಮಟ್ಟ ಬಂದಾಗ ಎಡಗೈಯಲ್ಲಿ ಎಂಟು ತಿಂಗಳ ಕೂಸು, ಬಲಗೈಯಲ್ಲಿ ತಂಗಿಯ ಕೈ ಹಿಡಿದು ಹೊರಟಿದ್ದಳು. ಕೂಸು ಉಳಿಯಿತು, ತಂಗಿ ಹೋದಳು. ಅಂದಿನಿಂದ ಲಕ್ಕವ್ವನ ಬಲಗೈ ಏಳಲಿಲ್ಲ. ಎಕ್ಸ್‌ರೇ ನಾರ್ಮಲ್. ಮನಸ್ಸಿನ ಪೆಟ್ಟು ಹೀಗೆ ಮೈಗೆ ಇಳಿಯುವುದುಂಟು, ಅದಕ್ಕೆ ಕನ್ವರ್ಷನ್ ಎನ್ನುತ್ತಾರೆ. ಆದರೆ ತಪಾಸಣೆಗೆ ಬಂದ ಡಾಕ್ಟರು ಅವಳೆದುರಿಗೇ "ಬರೇ ನಾಟಕ" ಎಂದ. ನಾಟಕವಂತೆ! ಅವಳಿಗೆ ಕೂಸನ್ನು ಎತ್ತಲಾಗುತ್ತಿರಲಿಲ್ಲ, ಅತ್ತೆ ಎತ್ತಿ ಕೊಟ್ಟರೂ ಮುಖ ತಿರುಗಿಸುತ್ತಿದ್ದಳು. ಎದೆಹಾಲು ಬತ್ತತೊಡಗಿತ್ತು.

ಬಂದವರೆಲ್ಲ "ಕೂಸರೆ ಉಳೀತಲ್ಲವ್ವಾ" ಎಂದು ಹೇಳಿ ಎದ್ದು ಹೋಗುತ್ತಿದ್ದರು. ಒಂದು ದಿನ ಟೀವಿಯವನೊಬ್ಬ ಬಂದು ಅವಳ ಮೂಗಿಗೆ ಮೈಕು ಹಿಡಿದ.

"ಯಾವ ಕೈಲೆ ತಂಗೀನ್ನ ಹಿಡದಿದ್ದಿ? ಆ ಕೈ ಸ್ವಲ್ಪ ತೋರಸವ್ವಾ."

ನನ್ನ ಸಿಟ್ಟು ನೆತ್ತಿಗೇರಿತು. "ಎದ್ದು ಹೋಗ್ತಿಯೋ, ಕ್ಯಾಮೆರಾ ಹೊಳಿಗಿ ಒಗೀಲ್ಯೋ?" ಎಂದು ಚೀರಿದೆ. ಪಕ್ಕದಲ್ಲಿದ್ದ ನಮ್ಮ ಮೇಲಧಿಕಾರಿ, "ಪ್ರೆಸ್ಸಿನವರ ಜೋಡಿ ಜಗಳ ಬ್ಯಾಡ್ರಿ ಮೇಡಂ" ಎಂದು ನನ್ನನ್ನೇ ಸುಮ್ಮನಿರಿಸಿದ.

ಆದರೆ ನಾನೇನು ಕಡಿಮೆ? "ನಿಂದೇನೂ ತಪ್ಪಿಲ್ಲವ್ವಾ" ಎಂದು ಹತ್ತು ದಿನ ಅದೇ ಜಪ ಮಾಡಿದೆ. ಹನ್ನೊಂದನೆಯ ದಿನ ಅವಳು ತಿರುಗಿಬಿದ್ದಳು.

"ತಪ್ಪಿಲ್ಲ ತಪ್ಪಿಲ್ಲ ಅಂತ ನನ್ನ ಬಾಯಿ ಮುಚ್ಚಸ್ತೀರಿ. ಕೈ ಬಿಟ್ಟಾಕಿ ನಾನೋ ನೀವೋ? ಬೀರಪ್ಪಗ ತಪ್ಪುಗಾಣಿಕಿ ಹಾಕಬೇಕ್ರಿ ನಾ."

ಬೀರಪ್ಪ ಅವರ ಮನೆದೇವರು. ಮಾಡಿದ್ದನ್ನು ಅವನ ಮುಂದೆ ಬಾಯಿಬಿಟ್ಟು ಹೇಳಿ, ಅರಿಷಿಣದ ಬಟ್ಟೆಯಲ್ಲಿ ಕಟ್ಟಿದ ಕಾಣಿಕೆ ಒಪ್ಪಿಸುವುದೇ ತಪ್ಪುಗಾಣಿಕೆ. ಇಲ್ಲದ ತಪ್ಪನ್ನು ಹೊರಬಾರದು ಎಂದು ನಾನು ತಡೆದೆ. ಅವಳು ಊಟ ಬಿಟ್ಟಳು. ಕೊನೆಗೆ ಸೋತು, ಪೂಜಾರಿಯ ಜೊತೆ ಜಗಳಕ್ಕೆ ತಯಾರಾಗಿಯೇ ನಾನೂ ಗುಡಿಗೆ ಹೋದೆ. ಅತ್ತೆ ಕೂಸಿನೊಂದಿಗೆ ಬಂದಳು.

ಪೂಜಾರಿ ಮುದುಕ ಕಂಬಳಿ ಹಾಸಿ ಅವಳನ್ನು ಕೂರಿಸಿದ. ಲಕ್ಕವ್ವ ಹೇಳಿದಳು: "ಕೂಸು ಜಾರಾಕತ್ತಿತ್ತರಿ. ಎರಡೂ ಕೈ ಬೇಕಾದುವು. ಆಕಿ ಬಿಗಿಯಾಗಿ ಹಿಡದಿದ್ಲು. ನಾನ ಕೊಸರಿ ಬಿಡಿಸ್ಕೊಂಡೆ."

ನನ್ನ ಫೈಲಿನಲ್ಲಿ "ಸೆಳವಿಗೆ ಕೈ ಜಾರಿತು" ಎಂದಿತ್ತು. ಹತ್ತು ದಿನ ಎದುರಿಗೆ ಕೂತ ನಾನು ಏನಾಯಿತೆಂದು ಅವಳಿಗೆ ಹೇಳಲು ಬಿಟ್ಟೇ ಇರಲಿಲ್ಲ. ಥೂ, ನನ್ನ ಇಪ್ಪತ್ತಾರು ವರ್ಷಕ್ಕಿಷ್ಟು!

ಮುದುಕ ತಪ್ಪಿಲ್ಲ ಎನ್ನಲಿಲ್ಲ, ಹಣೆಬರಹ ಎನ್ನಲಿಲ್ಲ. "ಹೂಂ. ಬಲಗೈಲೆ ಹಾಕು" ಎಂದ.

"ಆ ಕೈ ಏಳಂಗಿಲ್ರಿ! ಕಣ್ಣು ಕಾಣಂಗಿಲ್ಲೇನು?" ಎಂದು ನಾನು ಹರಿಹಾಯ್ದೆ.

"ನನಗೇನ ಅವಸರಿಲ್ರಿ ಬಾಯಾರ. ನಿಮಗಿದ್ರ ನೀವ ಹೋಗ್ರಿ."

ಮಧ್ಯಾಹ್ನದವರೆಗೂ ಕೂತೆವು. ಕೊನೆಗೆ ಲಕ್ಕವ್ವ ಬಲಗೈಯನ್ನು ಎಡಗೈಯಿಂದ ಎತ್ತಿ ಹೊಸ್ತಿಲ ಮೇಲಿಟ್ಟಳು. ಬೆರಳು ಅಲುಗಿದವು, ಅಂಗೈಯಲ್ಲಿಟ್ಟಿದ್ದ ಕಾಣಿಕೆಯ ಗಂಟು ದೇವರ ಮುಂದೆ ಬಿತ್ತು.

"ತಪ್ಪು ಬೀರಪ್ಪಗ ಮುಟ್ಟಿತವ್ವಾ. ಇನ್ನ ಕೈ ನಿಂದು" ಎಂದ ಮುದುಕ. ತಂಗಿ ಸತ್ತ ಮೇಲೆ ಅವಳು ಅತ್ತದ್ದು ಅಂದೇ ಮೊದಲು.

ಪವಾಡವೇನೂ ನಡೆಯಲಿಲ್ಲ. ಫಿಜಿಯೋಥೆರಪಿ, ಮಾತುಕತೆ, ಮತ್ತೆ ಮೂರು ತಿಂಗಳು ಹಿಡಿಯಿತು. ಈ ನಡುವೆ, ಮೂಢನಂಬಿಕೆಗೆ ಬೆಂಬಲ ಕೊಟ್ಟಿದ್ದೇಕೆಂದು ಮೇಲಧಿಕಾರಿ ನನಗೆ ನೋಟಿಸು ಕಳಿಸಿದ. ನಾಟಕ ಎಂದ ಡಾಕ್ಟರಿಗೆ ನೋಟಿಸಿಲ್ಲ, ಕೈ ತೋರಿಸೆಂದವನನ್ನು ಒಳಗೆ ಬಿಟ್ಟವರಿಗೂ ಇಲ್ಲ! "ಪೂಜಾರಿ ಕೇಳಿಸಿಕೊಂಡ, ನಾನು ಕೇಳಿಸಿಕೊಂಡಿರಲಿಲ್ಲ" ಎಂದು ಒಂದೇ ಸಾಲಿನ ಉತ್ತರ ಬರೆದೆ. ನನ್ನ ನೌಕರಿ ಕಲಿಸಿದ್ದೂ ಅಷ್ಟೇ. ನೊಂದವರ ಮಾತು ಮುಗಿಯುವ ಮೊದಲೇ ಹೇಳುವ ಸಮಾಧಾನ ನಮ್ಮ ಕಿವಿ ಉಳಿಸಿಕೊಳ್ಳುವುದಕ್ಕೆ, ಅವರಿಗಾಗಿ ಅಲ್ಲ.

ನಿವೃತ್ತಿಗೆ ಮುಂಚೆ ಅವಳ ಮನೆಗೆ ಹೋಗಿದ್ದೆ. ಕೂಸನ್ನು ಬಲಗೈಯಲ್ಲಿ ಎತ್ತಿಕೊಂಡೇ ಹೊರಗೆ ಬಂದಳು. ಕೈ ಇನ್ನೂ ನಡುಗುತ್ತಿತ್ತು. ಹಳೆಯ ಚಟ ನೋಡಿ, ನಾನು ಕೂಸಿಗೆ ಕೈ ಚಾಚಿದೆ.

"ಬ್ಯಾಡ್ರಿ ಅಕ್ಕಾರ" ಎಂದಳು ಲಕ್ಕವ್ವ. "ನಾ ಹಿಡದೇನಿ."